ಕಾಸ್ತೆಲ್ಲೊದ ಸಂತ ಮಾರ್ಗರೀತ: ಪವಾಡ ನಡೆಯದಿದ್ದಾಗ

ಹುಟ್ಟು ಅಂಗವೈಕಲ್ಯದೊಡನೆ ಧರ್ಮಸಭೆ ನಡೆದುಕೊಂಡ ಬಗೆಯನ್ನು ಅರಸುವಾಗ ನಾವು ಪವಾಡಗಳ ವೃತ್ತಾಂತಗಳಲ್ಲಿಯೇ ತಂಗಿಬಿಡುತ್ತೇವೆ. ಗುಣವಾಗದೆ ಉಳಿದವರಿಗೂ ಚರಿತ್ರೆಯುಂಟು.

1287ರಲ್ಲಿ ಮಧ್ಯ ಇಟಲಿಯ ಮೆತೋಲದಲ್ಲಿ ಜನಿಸಿದ ಮಾರ್ಗರೀತ ಹುಟ್ಟುಗುರುಡಿ. ಶರೀರ ಕುಬ್ಜ, ಬೆನ್ನು ಗೂನು. ಕುಲೀನರಾದ ತಂದೆತಾಯಿಗಳು ನಾಚಿ, ಆಕೆಯನ್ನು ಜನರ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಕೋಣೆಯೊಂದರಲ್ಲಿ ಇರಿಸಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ತರುವಾಯ ಗುಣವಾದೀತೆಂಬ ಆಸೆಯಿಂದ ಚಿತ್ತಾ ದಿ ಕಾಸ್ತೆಲ್ಲೊ ಪಟ್ಟಣದ ಸಮಾಧಿಯೊಂದರ ಬಳಿಗೆ ಕರೆತಂದರು. ಗುಣವಾಗಲಿಲ್ಲ. ಅವರು ಮಗಳನ್ನು ಅಲ್ಲಿಯೇ ಬಿಟ್ಟುಹೋದರು.

ಆಕೆಗೆ ಅನ್ನವಿಕ್ಕಿದವರು ಆ ಪಟ್ಟಣದ ಗೃಹಸ್ಥರು. ಒಂದು ಮನೆಯ ತರುವಾಯ ಮತ್ತೊಂದು ಮನೆಯವರು ಆಕೆಯನ್ನು ಇರಿಸಿಕೊಂಡರು. ನಡುವೆ ಕನ್ಯಾಮಠವೊಂದು ಸೇರಿಸಿಕೊಂಡು, ಆಕೆಯ ಕಠಿಣ ವ್ರತನಿಷ್ಠೆಯನ್ನು ಸಹಿಸಲಾರದೆ ಹೊರಗಟ್ಟಿತು. (ಭಕ್ತಿಪುಸ್ತಕಗಳು ಈ ಭಾಗವನ್ನು ಅವಸರದಿಂದ ದಾಟುತ್ತವೆ.) ಮುಂದೆ ಆಕೆ ದೊಮಿನಿಕನ್ ಸಭೆಯ ಶ್ರೀಸಾಮಾನ್ಯರ ಶಾಖೆಯ ವಸ್ತ್ರ ಧರಿಸಿ, ಕಂಠಪಾಠವಾಗಿದ್ದ ಕೀರ್ತನೆಗಳನ್ನು ಮಕ್ಕಳಿಗೆ ಕಲಿಸಿ, ಸೆರೆಯಾಳುಗಳನ್ನು ಸಂದರ್ಶಿಸಿ, 1320ರ ಏಪ್ರಿಲ್ 13ರಂದು ತೀರಿಕೊಂಡಳು. ಚರಿತ್ರಕಾರರು ಎಲ್ಲವನ್ನೂ ಆಕೆಯ ತಾಳ್ಮೆಗೆ ಆರೋಪಿಸುತ್ತಾರೆ. ನಮಗದು ಸಾಲದು. ದೃಷ್ಟಿ ಬರಲಿಲ್ಲ, ಬೆನ್ನು ನೆಟ್ಟಗಾಗಲಿಲ್ಲ. ಬದುಕು ಮಾತ್ರ ಚೇತರಿಸಿತು. ಅದಕ್ಕೆ ಕಾರಣವಾದದ್ದು ಊಟ, ನೆರೆಹೊರೆ, ಮತ್ತು ಆಕೆಯಿಂದ ಇತರರಿಗೂ ಒದಗುವಂತಹ ಒಂದು ಕೆಲಸ.

ಬಲಿಪೀಠದ ಬಳಿಯ ಚರಿತ್ರೆ ಇನ್ನೂ ನಿಧಾನವಾದುದು. ಯಾಜಕಕಾಂಡ 21 ಅಂಗದೋಷವುಳ್ಳ ಆರೋನವಂಶದವನನ್ನು ಬಲಿಯರ್ಪಣೆಯಿಂದ ದೂರವಿಟ್ಟರೂ ಪವಿತ್ರ ಆಹಾರವನ್ನು ಅವನಿಗೆ ನಿರಾಕರಿಸುವುದಿಲ್ಲ. 1917ರ ಧರ್ಮಸಭೆಯ ಕಾನೂನುಸಂಹಿತೆಯ 984ನೆಯ ವಿಧಿಯು, ದೌರ್ಬಲ್ಯದಿಂದ ಸುರಕ್ಷಿತವಾಗಿ ಅಥವಾ ವಿರೂಪದಿಂದ ಶೋಭಿಸುವಂತೆ ಪೀಠಸೇವೆ ಮಾಡಲಾರದವರನ್ನು ಗುರುದೀಕ್ಷೆಗೆ ಅನರ್ಹರೆಂದಿತು. ದೌರ್ಬಲ್ಯದ ಮಾತಿಗೆ ಕಾರಣವಾದರೂ ಉಂಟು. ಶೋಭೆಯನ್ನು ಅಳೆದವು ನೋಡುವವರ ಕಣ್ಣುಗಳೇ. 1983ರ ಸಂಹಿತೆಯ 1041ನೆಯ ವಿಧಿಯ ಪಟ್ಟಿಯಲ್ಲಿ ದೇಹದೋಷವಿಲ್ಲ.

ಜಗದ್ಗುರು ಫ್ರಾನ್ಸಿಸರು 2021ರ ಏಪ್ರಿಲ್ 24ರಂದು ಮಾರ್ಗರೀತಳನ್ನು ಸಂತಳೆಂದು ಘೋಷಿಸಿದ್ದು ವಾಡಿಕೆಯ ವಿಚಾರಣೆಯ ಮೂಲಕವಲ್ಲ, ಶತಮಾನಗಳ ಜನಭಕ್ತಿಯನ್ನು ಮನ್ನಿಸಿ. ಇತ್ತ, ದೀಕ್ಷೆಗೆ ಮುನ್ನ ಅಭ್ಯರ್ಥಿಯ ದೇಹಮನಸ್ಸುಗಳ ಆರೋಗ್ಯವನ್ನು ವಿಚಾರಿಸಬೇಕೆಂದು 1051ನೆಯ ವಿಧಿ ಇಂದಿಗೂ ಕೇಳುತ್ತದೆ. ಒಬ್ಬನೇ ಏನು ಮಾಡಬಲ್ಲನೆಂದು ನೋಡುವುದೋ, ನೆರವಿದ್ದರೆ ಏನು ಮಾಡಬಲ್ಲನೆಂದು ನೋಡುವುದೋ, ಅದನ್ನು ವಿಧಿ ಹೇಳಿಲ್ಲ. ಆ ಕಾಗದಕ್ಕೆ ಸಹಿ ಹಾಕುವವರು ಗುರುಮಠದಲ್ಲಿರುವ ನಾವೇ.