ಮೇರಿ ಟೇಪ್ ಕೇಳಿದ ಪ್ರಶ್ನೆ

ಮೇರಿ ಟೇಪ್ ಎಂಬ ತಾಯಿಯ ಬಗ್ಗೆ ನನಗೆ ಅಪಾರ ಗೌರವ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಯೊಂದು ಅವರ ಎಂಟು ವರ್ಷದ ಮಗಳು ಮೇಮಿಯನ್ನು ಚೀನೀ ಮೂಲದವಳೆಂದು ಸೇರಿಸಿಕೊಳ್ಳಲಿಲ್ಲ. ಟೇಪ್ ದಂಪತಿ ಕೋರ್ಟಿನಲ್ಲಿ ಗೆದ್ದರು. ಆದರೆ ಶಾಲಾ ಮಂಡಳಿ ಚೀನೀ ಮಕ್ಕಳಿಗೆಂದೇ ಬೇರೆ ಶಾಲೆ ತೆರೆಯಿತು. ಮೇಮಿ, ಅವಳ ತಮ್ಮ ಫ್ರಾಂಕ್ ಅಲ್ಲಿಗೇ ಹೋಗಬೇಕಾಯಿತು. ಚೀನೀಯರಾಗಿ ಹುಟ್ಟುವುದು ಅವಮಾನವೇ ಎಂದು ಮೇರಿ ಮಂಡಳಿಗೆ ಕಾಗದ ಬರೆದು ಕೇಳಿದರು. ಎಂಥ ಕೆಚ್ಚು!

ಶಾಲೆಯೊಳಗೆ ಬಂದ ಮಕ್ಕಳಿಗೂ ಭಾಷೆಯ ಅಡ್ಡಿ ಇತ್ತು. ಇಂಗ್ಲಿಷ್ ಬಾರದ ಚೀನೀ ಮಕ್ಕಳಿಗೆ ನೆರವು ಕೊಡಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1974ರಲ್ಲಿ. ಅಷ್ಟರಲ್ಲಿ ಸ್ಪ್ಯಾನಿಷ್ ತರಗತಿಯೊಳಗೆ ಬಂದಾಗಿತ್ತು: ಮಯಾಮಿಯ ಕೋರಲ್ ವೇ ಶಾಲೆಯಲ್ಲಿ 1963ರಿಂದಲೇ ಕ್ಯೂಬಾದ ಮಕ್ಕಳೂ ಸ್ಥಳೀಯ ಮಕ್ಕಳೂ ಎರಡೂ ಭಾಷೆಗಳಲ್ಲಿ ಪಾಠ ಕೇಳುತ್ತಿದ್ದರು. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಚೀನೀ ಭಾಷೆಯಲ್ಲೂ ಪಾಠ ಹೇಳುವ ಶಾಲೆ ಶುರುವಾಯಿತು. ಅಮೆರಿಕದ ಕನ್ನಡಿಗರೇ, ಮೇರಿಯಂತೆ ನೀವೂ ನಿಮ್ಮೂರಿನ ಶಾಲಾ ಮಂಡಳಿಯಲ್ಲಿ ಕನ್ನಡಕ್ಕಾಗಿಯೂ ದನಿ ಎತ್ತಿ.