ಕಪ್ಪೆಯ ಬೆನ್ನಹಿಂದಿನ ಗೋಡೆ

ಜೋಯಿಡಾದ ಕ್ಯಾಸಲ್‌ರಾಕ್ ಸುತ್ತಿನ ಹಳ್ಳಗಳಲ್ಲಿ ಮಳೆಗಾಲದ ರಾತ್ರಿ ಕಪ್ಪೆ ಹುಡುಕುವವರು ನೀರಿಗಿಂತ ಹೆಚ್ಚಾಗಿ ಬಂಡೆಗೆ ಟಾರ್ಚ್ ಬಿಡಬೇಕು. ಅಲ್ಲಿನ ಇರುಳುಗಪ್ಪೆ ನೀರಿಗೆ ಬಾಗಿದ ಎಲೆಯ ಮೇಲೆ, ಒದ್ದೆ ಕಲ್ಲಿನ ಮೇಲೆ ಮೊಟ್ಟೆಯಿಡುತ್ತದೆ. ಗೊದಮೊಟ್ಟೆ ಹೊರಬಂದೊಡನೆ ಜಾರಿ ಹಳ್ಳ ಸೇರುತ್ತದೆ. ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ್ ಕುಂಟೆ 2005ರಲ್ಲಿ ಇದಕ್ಕೆ ನಿಕ್ಟಿಬಟ್ರಾಕಸ್ ಪೆಟ್ರೇಯಸ್ ಎಂದು ಹೆಸರಿಟ್ಟರು. ಹೆಸರಲ್ಲೇ ಕಲ್ಲಿದೆ.

ಗಾಜಿನ ಪೆಟ್ಟಿಗೆಯಲ್ಲಿ ಕಪ್ಪೆ ಸಾಕುವವರಿಗೆ ಗೋಡೆಯೂ ಬಾಣಂತಿಕೋಣೆ ಎಂಬುದು ಹೊಳೆದದ್ದು ತಡವಾಗಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವಿಟ್ಟ ಮುಚ್ಚಿದ ಬಾಟಲಿಯಲ್ಲಿ ಜರಿಗಿಡ ಮೊಳೆತದ್ದನ್ನು ಕಂಡ. ಮುಚ್ಚಿದ ಗಾಜಿನಲ್ಲಿ ತೇವ ಉಳಿಯುತ್ತದೆ ಎಂಬ ಆ ತಿಳಿವೇ ಇಂದಿನ ವೈವೇರಿಯಂನ, ಅಂದರೆ ಜೀವಿ ಸಾಕುವ ಗಾಜಿನ ಪೆಟ್ಟಿಗೆಯ, ಬುನಾದಿ. ಆದರೆ ವಾರ್ಡನ ಪೆಟ್ಟಿಗೆ ಗಿಡಕ್ಕೆ ಸಾಕಾಗಿತ್ತು, ಅಂಟಿ ಕೂರುವ ಕಪ್ಪೆಗೆ ಬರಿ ಗಾಜು ಸಾಲದು. ಮೆಡಿಟರೇನಿಯನ್ ಕಡೆಯ ಓಕ್ ಮರದ ಕಾರ್ಕ್ ತೊಗಟೆ ಬಂತು. ಹಗುರ, ಬೇಗ ಕೊಳೆಯುವುದಿಲ್ಲ, ಸಂದುಗಳಲ್ಲಿ ಅಡಗಲು ಜಾಗ. ಇಂದಿಗೂ ಅದನ್ನು ಮೀರಿಸಿದ್ದು ಕಡಿಮೆ. ಮರಜರಿಯ ನಾರಿನ ಹಲಗೆಯೂ ಬಂತು. ಬ್ರೆಜಿಲ್‌ನಲ್ಲಿ ಆ ನಾರಿಗಾಗಿ ಮರಜರಿ ಕಡಿದು ಕಡಿದು, ಕೊನೆಗೆ ಆ ಜಾತಿ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿ ಸೇರಿತು. ಆಮೇಲಿನದು ಫೋಮ್, ಸಿಲಿಕೋನ್ ಕಾಲ: ಫೋಮ್ ಉಬ್ಬಿಸಿ, ಮೇಲೆ ಸಿಲಿಕೋನ್ ಬಳಿದು, ಹಸಿಯಿರುವಾಗಲೇ ತೆಂಗಿನ ನಾರಿನ ಪುಡಿ ಉದುರಿಸುವುದು. ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವ ತನಕ ಕಪ್ಪೆ ಬಿಡಬಾರದು. ಅದು ಚರ್ಮದಿಂದಲೂ ಉಸಿರಾಡುವ ಜೀವಿ.

ನಮ್ಮ ಕಡೆ ನಾರಿಗೇನೂ ಬರವಿಲ್ಲ. ಆದರೆ ಕರಾವಳಿಯಲ್ಲಿ ಸವುಳು ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ನಾರಾದರೆ ಉಪ್ಪು ಬಿಡುವ ತನಕ ತೊಳೆಯಲೇಬೇಕು. ದಾಂಡೇಲಿಯಲ್ಲಿ ಸುಲಭಕ್ಕೆ ಸಿಗುವ ಪ್ಲೈವುಡ್ ಚೂರು ಬೇಡ, ಅದರ ಅಂಟು ತೇವಕ್ಕೆ ಹೊಂದುವುದಿಲ್ಲ.

ಉತ್ತರ ಕನ್ನಡದ ಕಾಡು ಇನ್ನೊಂದು ಪಾಠ ಕಲಿಸಿತು. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕುಂಬಾರ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಗಂಡು ಮುಂಗಾಲಿನಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥದ್ದರ ಮುಂದೆ ಬಣ್ಣದ ಥರ್ಮಾಕೋಲ್ ಬಂಡೆ ಬರೀ ನಾಟಕದ ಪರದೆ. ಜೇಡಿಮಣ್ಣಿನ ಗೋಡೆ ಕುಸಿಯುತ್ತದೆ, ಆಗಾಗ ಮತ್ತೆ ಮೆತ್ತಬೇಕು. ಆದರೂ ನನ್ನ ಮತ ಅದಕ್ಕೇ.

ಹಳಿಯಾಳ, ಮುಂಡಗೋಡಿನ ಒಣ ಬಯಲಿಗೆ ಬಂದರೆ ಲೆಕ್ಕ ಬೇರೆ. ಅಲ್ಲಿನ ಬಿಲ ತೋಡುವ ಕಪ್ಪೆಗಳಿಗೆ ಗೋಡೆ ಯಾವುದಾದರೇನು, ಅಡಿಯ ಮಣ್ಣು ಆಳವಾಗಿರಬೇಕು.

ಒಂದು ಮಾತು ಉಳಿಯಿತು. ದಾಂಡೇಲಿ ಅಭಯಾರಣ್ಯ, ಅಣಶಿ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಹೆಸರು ಹೊತ್ತಿದೆ. ಅಲ್ಲಿಂದ ಕಪ್ಪೆಯಿರಲಿ, ಹಿಡಿ ಪಾಚಿಯನ್ನೂ ಅನುಮತಿಯಿಲ್ಲದೆ ತರುವಂತಿಲ್ಲ. ಗೋಡೆಗೆ ಮಾದರಿ ಬೇಕಿದ್ದರೆ ಒಂದು ಫೋಟೋ ತೆಗೆದುಕೊಂಡು ಬನ್ನಿ, ನಾರು ಅಂಗಡಿಯಲ್ಲಿ ಸಿಗುತ್ತದೆ.