ಮನೆಗೇ ಬರುವ ಹಲ್ಲಿನ ಶುಚಿ ಸೇವೆ: ಕರೆಸುವ ಮುನ್ನ ತಿಳಿಯಬೇಕಾದದ್ದು

ಹಾಸಿಗೆ ಹಿಡಿದ ತಾಯಿಯನ್ನು ಡೊಂಬಿವಲಿಯ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಿಂದ ಇಳಿಸಿ, ರಿಕ್ಷಾದಲ್ಲಿ ಕೂರಿಸಿ, ದಂತವೈದ್ಯರ ಕುರ್ಚಿಯವರೆಗೆ ಕರೆದೊಯ್ಯುವುದು ಎಷ್ಟು ಕಷ್ಟ ಎಂಬುದು ಆರೈಕೆ ಮಾಡುವವರಿಗೇ ಗೊತ್ತು. ಹಾಗಾಗಿ ಹಲ್ಲಿನ ವಿಷಯವನ್ನು ಮುಂದಕ್ಕೆ ಹಾಕುತ್ತಾ ಹೋಗುತ್ತೇವೆ. ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯಂಥ ಊರುಗಳಲ್ಲಿ ಸಲಕರಣೆಗಳೊಂದಿಗೆ ಮನೆಗೇ ಬಂದು ಹಲ್ಲು ಶುಚಿ ಮಾಡುವವರು ಇಂಥ ಕುಟುಂಬಗಳಿಗೆ ದೊಡ್ಡ ಆಸರೆ. ಆದರೆ ಬರುವವರು ಯಾರು, ಅವರ ಕಲಿಕೆ ಎಷ್ಟು ಹೊಸದು, ಮನೆಯಲ್ಲಿ ಎಷ್ಟರಮಟ್ಟಿಗೆ ಚಿಕಿತ್ಸೆ ನೀಡಬಹುದು ಎಂಬುದನ್ನು ನೀವು ಮೊದಲೇ ತಿಳಿದಿರಬೇಕು.

ಬಾಯಿಯ ಶುಚಿ ಏಕೆ ಇಷ್ಟು ಮುಖ್ಯ?

ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಕೂರುವ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಿಗೆ ನುಂಗುವ ಶಕ್ತಿ ಕುಗ್ಗಿರುತ್ತದೆ. ಆಗ ಎಂಜಲು ಗೊತ್ತಿಲ್ಲದೆಯೇ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಬ್ಬಂದಿ ಪ್ರತಿ ಊಟದ ನಂತರ ಹಲ್ಲುಜ್ಜಿಸಿ, ದಂತ ಸಿಬ್ಬಂದಿ ವಾರಕ್ಕೊಮ್ಮೆ ಶುಚಿ ಮಾಡುತ್ತಿದ್ದ ವೃದ್ಧರಲ್ಲಿ ಶೇ. 11ರಷ್ಟು ಮಂದಿಗೆ ನ್ಯುಮೋನಿಯಾ ಬಂತು. ಆ ಆರೈಕೆ ಸಿಗದವರಲ್ಲಿ ಶೇ. 19ರಷ್ಟು ಮಂದಿಗೆ ಬಂತು. ಮಧುಮೇಹ ಇರುವವರಲ್ಲಿ ವಸಡಿನ ಸೋಂಕು ಸಕ್ಕರೆ ಮಟ್ಟವನ್ನು ಹತೋಟಿಗೆ ಬಾರದಂತೆಯೂ ಮಾಡುತ್ತದೆ.

ಯಾರು ಬರಬಹುದು, ಏನು ಮಾಡಬಹುದು?

1948ರ ದಂತವೈದ್ಯರ ಕಾಯ್ದೆ ದಂತವೈದ್ಯರು, ಡೆಂಟಲ್ ಹೈಜಿನಿಸ್ಟ್ ಮತ್ತು ಡೆಂಟಲ್ ಮೆಕ್ಯಾನಿಕ್ ಎಂದು ಮೂರು ವರ್ಗಗಳನ್ನು ಗುರುತಿಸಿತ್ತು. ಹಲ್ಲಿನ ಮೇಲೆ ಕಲ್ಲುಗಟ್ಟಿದ ಪಾಚಿಯನ್ನು ತೆಗೆಯುವುದು, ಹಲ್ಲು ಸ್ವಚ್ಛಗೊಳಿಸುವುದು, ಪಾಲಿಶ್ ಮಾಡುವುದು, ಬಾಯಿಯ ಶುಚಿತ್ವದ ಬಗ್ಗೆ ತಿಳಿಹೇಳುವುದು ಹೈಜಿನಿಸ್ಟ್ ಕೆಲಸ. ಹಲ್ಲು ಕೀಳುವುದು, ಮರಗಟ್ಟಿಸುವ ಇಂಜೆಕ್ಷನ್ ಕೊಡುವುದು, ಔಷಧ ಬರೆದುಕೊಡುವುದು ದಂತವೈದ್ಯರ ಕೆಲಸ. ನಮ್ಮಲ್ಲಿ ಹೈಜಿನಿಸ್ಟ್‌ಗಳ ಸಂಖ್ಯೆ ಕಡಿಮೆ. ಹಾಗಾಗಿ ಮನೆಗೆ ಬರುವವರು ಬಹಳ ಸಲ ಬಿಡಿಎಸ್ ಓದಿದ ದಂತವೈದ್ಯರೇ ಆಗಿರುತ್ತಾರೆ.

ಯಾರೇ ಬಂದರೂ ಅವರ ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಮಹಾರಾಷ್ಟ್ರದಲ್ಲಿ ನೋಂದಣಿ ಮಾಡುವುದು ಮಹಾರಾಷ್ಟ್ರ ರಾಜ್ಯ ದಂತ ಪರಿಷತ್ತು. ದಂತವೈದ್ಯರ ನೀತಿಸಂಹಿತೆಯ ಪ್ರಕಾರ ಔಷಧ ಚೀಟಿ ಮತ್ತು ರಸೀದಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆ ಕೊಡಲು ಹಿಂಜರಿಯುವವರನ್ನು ಒಳಗೆ ಬಿಡಬೇಡಿ.

ಅವರ ಚೀಲದಲ್ಲಿ ಏನಿರಬೇಕು?

ಚಿಕಿತ್ಸಾಲಯದಲ್ಲಿ ಗೋಡೆಗೆ ಜೋಡಿಸಿದ ನೀರು, ದೀಪ, ಹೀರುವ ಯಂತ್ರ ಇರುತ್ತವೆ. ಮನೆಗೆ ಇವನ್ನೆಲ್ಲ ಹೊತ್ತು ತರಬೇಕು. ಮುಖ್ಯವಾಗಿ ನಾಲ್ಕು ವಿಷಯ ಗಮನಿಸಿ.

1. ಹೀರುವ ಯಂತ್ರ, ಅಂದರೆ ಸಕ್ಷನ್: ಕಂಪನದಿಂದ ಪಾಚಿ ತೆಗೆಯುವ ಸ್ಕೇಲರ್ ನೀರು ಚಿಮ್ಮಿಸುತ್ತದೆ. ನುಂಗಲು ಕಷ್ಟವಿರುವವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಷನ್ ಇಲ್ಲದಿದ್ದರೆ ಅಂಥವರಿಗೆ ಯಂತ್ರದ ಸ್ಕೇಲಿಂಗ್ ಬೇಡ. ಕೈಯಲ್ಲಿ ಹಿಡಿದು ಮಾಡುವ ಸಲಕರಣೆಯೇ ಮೇಲು.

2. ಕ್ರಿಮಿಶುದ್ಧೀಕರಣ: ಸಲಕರಣೆಗಳನ್ನು ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆಗೆ ಒಡ್ಡಿ, ಮೊಹರು ಮಾಡಿದ ಪೊಟ್ಟಣದಲ್ಲಿ ತರಬೇಕು. ಹಬೆ ತಗುಲಿದಾಗ ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಿಸುತ್ತದೆ. ಪೊಟ್ಟಣವನ್ನು ನಿಮ್ಮೆದುರೇ ತೆರೆಯಲಿ. ಬಿಸಿನೀರಲ್ಲಿ ಅದ್ದುವುದು, ಸ್ಪಿರಿಟ್‌ನಲ್ಲಿ ಒರೆಸುವುದು ಇದಕ್ಕೆ ಸಮವಲ್ಲ.

3. ತ್ಯಾಜ್ಯ: ಸೂಜಿ, ಬ್ಲೇಡ್‌ನಂಥ ಚೂಪಾದ ವಸ್ತುಗಳನ್ನು ಚುಚ್ಚಿಕೊಳ್ಳದ ಬಿಳಿ ಡಬ್ಬಿಯಲ್ಲಿ, ರಕ್ತ ತಗುಲಿದ ಹತ್ತಿ, ಗಾಜ್ ಬಟ್ಟೆಯನ್ನು ಹಳದಿ ಚೀಲದಲ್ಲಿ ಅವರೇ ತೆಗೆದುಕೊಂಡು ಹೋಗಬೇಕು. ಸೊಸೈಟಿಯ ಕಸದ ಬುಟ್ಟಿಗೆ ಹಾಕಬಾರದು.

4. ವಿದ್ಯುತ್: ಕರೆಂಟ್ ಹೋದರೆ ಏನು ವ್ಯವಸ್ಥೆ ಎಂದು ಫೋನಿನಲ್ಲೇ ಕೇಳಿ. ಪೇಸ್‌ಮೇಕರ್ ಇದ್ದರೆ ಅದನ್ನೂ ಆಗಲೇ ಹೇಳಿ. ಕೆಲವು ಬಗೆಯ ಸ್ಕೇಲರ್ ಬಳಸುವ ಮುನ್ನ ಎಚ್ಚರ ಬೇಕಾಗುತ್ತದೆ.

ರೋಗಿಯನ್ನು ಚಪ್ಪಟೆಯಾಗಿ ಮಲಗಿಸಬಾರದು. ಬೆನ್ನಿಗೆ ದಿಂಬು ಕೊಟ್ಟು ತಲೆ, ಎದೆ ಎತ್ತರಿಸಿ ಕೂರಿಸಿ. ಅದು ಆಗದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ.

ಔಷಧಗಳ ಪಟ್ಟಿ ಮೊದಲು

ಫಾರ್ಮಸಿಸ್ಟ್ ಆಗಿ ನಾನು ಒತ್ತಿ ಹೇಳುವ ಮಾತಿದು: ಬಂದವರು ಬಾಯಿ ನೋಡುವ ಮೊದಲು ಔಷಧ ಚೀಟಿ ನೋಡಬೇಕು. ಮಾತ್ರೆಗಳ ಪಟ್ಟಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಮೇಜಿನ ಮೇಲಿಡಿ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಹಲ್ಲು ಶುಚಿಗಾಗಿ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವಿಲ್ಲ. ನೀವಾಗಿಯೇ ನಿಲ್ಲಿಸಿದರೆ ವಸಡಿನ ರಕ್ತಸ್ರಾವಕ್ಕಿಂತ ದೊಡ್ಡ ಅಪಾಯವಾದ ಹೃದಯಾಘಾತ, ಪಾರ್ಶ್ವವಾಯು ಎದುರಾಗಬಹುದು. ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುವವರಾದರೆ ಇತ್ತೀಚಿನ ಐಎನ್‌ಆರ್ ರಕ್ತಪರೀಕ್ಷೆಯ ವರದಿ ತೋರಿಸಿ. ಅದು 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ದಿನ ಸ್ಕೇಲಿಂಗ್ ಬೇಡ, ಔಷಧ ಬರೆದ ವೈದ್ಯರಿಗೆ ತಿಳಿಸಿ. ವಸಡಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಈ ಎರಡು ಔಷಧಗಳ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವ ತರಬಲ್ಲದು. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಇಂಥವರಿಗೆ ಸುರಕ್ಷಿತವಲ್ಲ.

ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ, ಜೋಲೆಡ್ರಾನಿಕ್ ಆಮ್ಲ ಅಥವಾ ಡೆನೊಸುಮಾಬ್ ಇಂಜೆಕ್ಷನ್ ಪಡೆದವರಲ್ಲಿ ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಮಾಯದೆ ಉಳಿಯುವ ಅಪರೂಪದ ತೊಂದರೆ ಇದೆ. ಶುಚಿ ಮಾಡಿಸಲು ಇದು ಅಡ್ಡಿಯಲ್ಲ. ಹಲ್ಲು ಕೀಳುವ ಸಂದರ್ಭ ಬಾರದಂತೆ ನೋಡಿಕೊಳ್ಳಬೇಕಾದ್ದರಿಂದ ಶುಚಿ ಇವರಿಗೆ ಇನ್ನೂ ಹೆಚ್ಚು ಬೇಕು. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಆಮ್ಲೋಡಿಪಿನ್‌ನಿಂದ ಕೆಲವರಿಗೆ ವಸಡು ಊದಿ ಬೆಳೆಯುತ್ತದೆ. ಇದನ್ನೂ ತಿಳಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮಧುಮೇಹಿಗಳು ಆ ದಿನವೂ ಹೊತ್ತಿಗೆ ಸರಿಯಾಗಿ ಊಟ, ಔಷಧ ತೆಗೆದುಕೊಂಡಿರಬೇಕು.

ಎಲೆಅಡಿಕೆ, ತಂಬಾಕು, ವಸಡಿಗೆ ಉಜ್ಜುವ ಮಿಶ್ರಿಯ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಅಜ್ಜಿಗೆ ಕನ್ನಡವೋ ತುಳುವೋ ಮಾತ್ರ ಬರುತ್ತದೆ, ಬಂದವರಿಗೆ ಮರಾಠಿ, ಹಿಂದಿ ಮಾತ್ರ ಗೊತ್ತು ಎಂದಾದರೆ ಮನೆಯವರೊಬ್ಬರು ಪಕ್ಕದಲ್ಲೇ ಇರಿ. ನೋವಾದರೆ ಕೈ ಎತ್ತುವಂತೆ ಅಜ್ಜಿಗೆ ಮೊದಲೇ ಹೇಳಿಕೊಡಿ.

ಅವರು ಕಲಿಯುತ್ತಿರುವುದು ನಿಮಗೇಕೆ ಮುಖ್ಯ?

ಪದವಿ ಪಡೆದ ಮೇಲೂ ದಂತವೈದ್ಯರು ಕಲಿಕೆ ಮುಂದುವರಿಸಬೇಕು. ಅದಕ್ಕೆಂದೇ ಮುಂದುವರಿಕೆ ಶಿಕ್ಷಣದ ಅಂಕಗಳ ವ್ಯವಸ್ಥೆ ಇದೆ. ಇದು ಬರೀ ಕಾಗದದ ವಿಷಯವಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ನೋಡಿ.

ಹಲ್ಲಿನ ಚಿಕಿತ್ಸೆಯ ವೇಳೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ಸೋಂಕು ತಗುಲಬಹುದೆಂದು ಹಿಂದೆ ಹಲವು ಬಗೆಯ ಹೃದ್ರೋಗಿಗಳಿಗೆ ಮುಂಚಿತವಾಗಿ ಆಂಟಿಬಯೋಟಿಕ್ ಕೊಡುತ್ತಿದ್ದರು. ಅಮೆರಿಕದ ಹೃದ್ರೋಗ ಸಂಘ 2007ರಲ್ಲಿ ಈ ಸಲಹೆಯನ್ನು ಬಹಳ ಕಿರಿದುಗೊಳಿಸಿತು. ಕೃತಕ ಕವಾಟ ಹಾಕಿಸಿಕೊಂಡವರು, ಮೊದಲೇ ಆ ಸೋಂಕು ಬಂದು ಹೋದವರು, ಕೆಲವು ಬಗೆಯ ಹುಟ್ಟು ಹೃದ್ರೋಗ ಇರುವವರಂಥ ಹೆಚ್ಚು ಅಪಾಯದವರಿಗೆ ಮಾತ್ರ ಅದು ಉಳಿಯಿತು. 2021ರಲ್ಲಿ ಇನ್ನೊಂದು ಬದಲಾವಣೆ ಬಂತು: ಪೆನಿಸಿಲಿನ್ ಒಗ್ಗದವರಿಗೆ ಕೊಡುತ್ತಿದ್ದ ಕ್ಲಿಂಡಾಮೈಸಿನ್ ತೀವ್ರ ಅಡ್ಡಪರಿಣಾಮಗಳನ್ನು ತರಬಲ್ಲದೆಂದು ಅದನ್ನು ಈ ಉದ್ದೇಶಕ್ಕೆ ಕೈಬಿಡಲಾಯಿತು.

ಹಳೆಯ ಪಾಠದಲ್ಲೇ ನಿಂತವರು ಬೇಡದವರಿಗೆ ಆಂಟಿಬಯೋಟಿಕ್ ಕೊಟ್ಟಾರು, ಬೇಕಾದವರಿಗೆ ತಪ್ಪು ಔಷಧ ಕೊಟ್ಟಾರು. ಚಿಕಿತ್ಸಾಲಯದಲ್ಲಾದರೆ ಕೇಳಲು ಪಕ್ಕದಲ್ಲಿ ಇನ್ನೊಬ್ಬ ವೈದ್ಯರಿರಬಹುದು. ನಿಮ್ಮ ಮನೆಯಲ್ಲಿ ಅವರು ಒಬ್ಬರೇ. ಆದ್ದರಿಂದ ಸಂಕೋಚವಿಲ್ಲದೆ ಹೀಗೆ ಕೇಳಿ:

• ಇತ್ತೀಚೆಗೆ ಯಾವ ತರಬೇತಿ ಪಡೆದಿರಿ, ಯಾವಾಗ?
• ವೃದ್ಧರ, ಹಾಸಿಗೆ ಹಿಡಿದವರ ಬಾಯಿಯ ಆರೈಕೆ ಕಲಿತಿದ್ದೀರಾ?
• ಉಸಿರು ಅಥವಾ ಹೃದಯ ನಿಂತಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ?
• ತೊಂದರೆಯಾದರೆ ಯಾವ ಆಸ್ಪತ್ರೆಗೆ ಕಳುಹಿಸುತ್ತೀರಿ?

ಕಲಿಯುತ್ತಿರುವವರು ಇಂಥ ಪ್ರಶ್ನೆಗೆ ಬೇಸರಪಡುವುದಿಲ್ಲ.

ಶುಲ್ಕ ಏಕೆ ಹೆಚ್ಚು?

ಚಿಕಿತ್ಸಾಲಯದಲ್ಲಿ ಒಂದು ಬೆಳಗ್ಗೆ ಹಲವರನ್ನು ನೋಡುವ ದಂತವೈದ್ಯರು, ಕಲ್ಯಾಣ್‌ನಿಂದ ನೆರೂಲ್‌ಗೆ ಸಲಕರಣೆ ಹೊತ್ತು ಬಂದರೆ ಒಬ್ಬಿಬ್ಬರನ್ನು ಮಾತ್ರ ನೋಡಬಲ್ಲರು. ಪ್ರಯಾಣ, ಶುದ್ಧೀಕರಣ, ತ್ಯಾಜ್ಯ ವಿಲೇವಾರಿ, ತರಬೇತಿಯ ಖರ್ಚು ಅದರಲ್ಲೇ ಸೇರಿರುತ್ತದೆ. ಶುಲ್ಕವನ್ನು ಮೊದಲೇ ಕೇಳಿ, ರಸೀದಿ ಪಡೆಯಿರಿ. ತೀರಾ ಅಗ್ಗದ ಸೇವೆ ಎಂದರೆ ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂದು ಯೋಚಿಸಿ. ಕರೆದೊಯ್ಯಲು ಸಾಧ್ಯವಿರುವ ರೋಗಿಯಾದರೆ ದಂತ ಕಾಲೇಜುಗಳ ಆಸ್ಪತ್ರೆಗಳನ್ನೂ ವಿಚಾರಿಸಿ. ನೆರೂಲ್, ಬೇಲಾಪುರ, ಖಾರ್‌ಘರ್, ಕಾಮೋಠೆಯಲ್ಲಿ ಇಂಥ ಕಾಲೇಜುಗಳಿವೆ. ಮುಂಬಯಿಯ ಸಿಎಸ್‌ಎಂಟಿ ಬಳಿ ಸರ್ಕಾರಿ ದಂತ ಕಾಲೇಜು ಇದೆ.

ಅವರು ಹೋದ ಮೇಲೆ

ಶುಚಿ ಮಾಡಿದ ಮೇಲೆ ಒಂದೆರಡು ದಿನ ವಸಡು ಜುಮ್ಮೆನ್ನುವುದು, ಎಂಜಲಿನಲ್ಲಿ ಸ್ವಲ್ಪ ರಕ್ತ ಕಾಣುವುದು ಸಹಜ. ಮೆತ್ತಗಿನ ಬ್ರಷ್‌ನಿಂದ ದಿನಕ್ಕೆರಡು ಬಾರಿ ಉಜ್ಜಿಸಿ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ಉಜ್ಜಿ ತೊಳೆದು, ನೀರಿನಲ್ಲಿಡಿ.

ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸುವ ದ್ರವವನ್ನು ಬರೆದುಕೊಟ್ಟರೆ, ಹಲ್ಲುಜ್ಜಿದ ಅರ್ಧ ಗಂಟೆಯ ನಂತರ ಬಳಸಿ. ಪೇಸ್ಟಿನ ನೊರೆಯ ಅಂಶ ಅದರ ಶಕ್ತಿ ಕುಗ್ಗಿಸುತ್ತದೆ. ಹೇಳಿದ ದಿನಗಳಿಗಿಂತ ಹೆಚ್ಚು ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ಮುಕ್ಕಳಿಸಿ ಉಗುಳಲು ಬಾರದವರಿಗೆ ಬಾಯಿಗೆ ಸುರಿಯಬೇಡಿ. ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಒರೆಸಿ.

ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಅರ್ಧ ಗಂಟೆ ಗಾಜ್ ಒತ್ತಿ ಹಿಡಿದರೂ ನಿಲ್ಲದ ರಕ್ತ, ಮುಖ ಅಥವಾ ಕುತ್ತಿಗೆಯ ಊತ, ಬಾಯಿ ತೆರೆಯಲಾಗದಿರುವುದು, ಚಿಕಿತ್ಸೆಯ ನಂತರದ ಕೆಮ್ಮು, ಜ್ವರ, ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಇದ್ದರೆ ಅದನ್ನು ಹಲ್ಲು ಶುಚಿಯಿಂದ ಸರಿಪಡಿಸಲಾಗದು. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ತಜ್ಞರಿಗೆ ತೋರಿಸಲೇಬೇಕು.

ಮನೆಗೆ ಬರುವವರು ವರ್ಷಕ್ಕೆ ಕೆಲವೇ ಸಲ ಬರುತ್ತಾರೆ. ಉಳಿದ ದಿನಗಳಲ್ಲಿ ಬ್ರಷ್ ಹಿಡಿಯುವ ಕೈ ನಿಮ್ಮದೇ. ಆದ್ದರಿಂದ ಅವರು ಹೊರಡುವ ಮುನ್ನ, ನಿಮ್ಮ ರೋಗಿಗೆ ಹಲ್ಲುಜ್ಜಿಸುವುದು ಹೇಗೆಂದು ತೋರಿಸಿಕೊಡಲು ಕೇಳಿ. ಅವರೆದುರೇ ಒಮ್ಮೆ ನೀವೇ ಮಾಡಿ ನೋಡಿ.